ಹಾಲಿವುಡ್ ಅವಾರ್ಡ್ ಡಿನ್ನರ್‌ಗೆ ಯಾರಾದರೂ ಹೋಗಿದ್ದೀರಾ? ಒಳಗೆ ಹೇಗಿರುತ್ತೆ?

ನಾನು ಹೋಗಿದ್ದೇನೆ. ಆಗ ನನಗೆ ಹದಿನೈದು ವರ್ಷ. ಟಿವಿಯಲ್ಲಿ ಕಾಣುವಷ್ಟೇ ಝಗಮಗ ಇರುತ್ತಾ, ಊಟಕ್ಕೆ ಏನು ಕೊಡ್ತಾರೆ, ನಮ್ಮಂಥವರಿಗೆ ಟಿಕೆಟ್ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಹೋಗಿದ್ದು ಆಸ್ಕರ್‌ಗೂ ಅಲ್ಲ, ಗೋಲ್ಡನ್ ಗ್ಲೋಬ್ಸ್‌ಗೂ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಕೋಬೇಡಿ. ಅದು ವಿಷುವಲ್ ಎಫೆಕ್ಟ್ಸ್ ಸೊಸೈಟಿ ಅವಾರ್ಡ್ಸ್. ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡುವವರು ತಮ್ಮೊಳಗೇ ಕೊಟ್ಟುಕೊಳ್ಳುವ ಪ್ರಶಸ್ತಿ. 2013ರ ಫೆಬ್ರವರಿ 5, ಮಂಗಳವಾರ ರಾತ್ರಿ, ಬೆವರ್ಲಿ ಹಿಲ್ಟನ್ ಹೋಟೆಲ್.

ಅಪ್ಪ ಆಗ ಲಾಸ್ ಏಂಜಲಿಸ್‌ನಲ್ಲಿ ಕಂಪೋಸಿಟರ್ ಆಗಿದ್ದರು. ನಟನನ್ನು ಒಂದು ಕಡೆ ಶೂಟ್ ಮಾಡಿರುತ್ತಾರೆ, ಆಕಾಶ ಇನ್ನೆಲ್ಲೋ ತಯಾರಾಗಿರುತ್ತೆ, ಬೆಂಕಿ ಮತ್ತೆಲ್ಲೋ. ಅದೆಲ್ಲ ಒಂದೇ ಕ್ಯಾಮೆರಾದಲ್ಲಿ ತೆಗೆದದ್ದು ಅನ್ನಿಸುವ ಹಾಗೆ ಕೂಡಿಸುವುದು ಕಂಪೋಸಿಟರ್ ಕೆಲಸ. ಚೆನ್ನಾಗಿ ಮಾಡಿದರೆ ಯಾರಿಗೂ ಗೊತ್ತಾಗಲ್ಲ. ಅಪ್ಪನ ಕಂಪನಿಯವರು ಒಂದು ಟೇಬಲ್ ಬುಕ್ ಮಾಡಿದ್ದರು, ಜೊತೆಗೆ ಒಬ್ಬರನ್ನು ಕರ್ಕೊಂಡು ಬರಬಹುದಿತ್ತು. ಅಮ್ಮ ಅಜ್ಜಿಯ ಮೊಣಕಾಲಿನ ಆಪರೇಷನ್‌ಗೆ ಅಂತ ದಾವಣಗೆರೆಗೆ ಹೋಗಿದ್ದಳು. ಹಾಗಾಗಿ ಅವಳ ಜಾಗಕ್ಕೆ ನಾನು.

ಬಟ್ಟೆಯದ್ದೇ ದೊಡ್ಡ ತಲೆನೋವಾಯಿತು. ಉದ್ದ ಗೌನ್ ಕೊಂಡರೆ ಒಂದೇ ರಾತ್ರಿಗೆ ದಂಡ ಅಂತ ಅಪ್ಪ. ಅಮ್ಮ ಫೋನಿನಲ್ಲೇ ತೀರ್ಪು ಕೊಟ್ಟಳು: "ಬೀರುವಿನಲ್ಲಿ ನನ್ನ ಮೈಸೂರು ಸಿಲ್ಕ್ ಇದೆ, ಕಡು ನೀಲಿದು, ಅದನ್ನ ಉಡು. ಅಲ್ಲಿ ಯಾರೂ ಅಂಥದ್ದು ಉಟ್ಟಿರಲ್ಲ." ನನಗೆ ಸೀರೆ ಉಡೋಕೆ ಬರುತ್ತಿರಲಿಲ್ಲ. ಕನ್ನಡ ಕೂಟದ ಆಂಟಿಯೊಬ್ಬರು ಸಂಜೆ ಮನೆಗೇ ಬಂದು ಉಡಿಸಿ, ಕಂಡ ಕಂಡ ಕಡೆಯೆಲ್ಲ ಪಿನ್ ಚುಚ್ಚಿ ಕಳಿಸಿದರು. ಅಪ್ಪ ತಮ್ಮ ರಿಸೆಪ್ಷನ್ ಸೂಟನ್ನೇ ಹಾಕಿಕೊಂಡಿದ್ದರು. ಗುಂಡಿ ಹಾಕುವ ಹಾಗಿರಲಿಲ್ಲ.

ಬೆವರ್ಲಿ ಹಿಲ್ಟನ್ 1955ರಲ್ಲಿ ಶುರುವಾದ ಹೋಟೆಲ್. ವಿಲ್‌ಶೈರ್ ಮತ್ತು ಸಾಂಟಾ ಮೋನಿಕಾ ಬುಲೆವಾರ್ಡ್ ಸೇರುವ ಕಡೆ ಇದೆ. ಅಲ್ಲಿನ ಇಂಟರ್‌ನ್ಯಾಷನಲ್ ಬಾಲ್‌ರೂಮ್ ನೀವೂ ನೋಡಿರುತ್ತೀರಿ, ಗೋಲ್ಡನ್ ಗ್ಲೋಬ್ಸ್ ನಡೆಯುವುದು ಅದೇ ಹಾಲ್‌ನಲ್ಲಿ. ನಾವು ಹೋಗುವ ಮೂರು ವಾರಕ್ಕೆ ಮುಂಚೆ ಅದೂ ಅಲ್ಲೇ ಆಗಿತ್ತು. ಅದರ ಹಿಂದಿನ ವರ್ಷ ವಿಟ್ನಿ ಹ್ಯೂಸ್ಟನ್ ತೀರಿಕೊಂಡಿದ್ದೂ ಇದೇ ಹೋಟೆಲ್‌ನಲ್ಲಿ. ಲಿಫ್ಟ್ ಹತ್ತಿರ ನಿಂತಾಗ ನನ್ನ ತಲೆಯಲ್ಲಿ ಬರೀ ಅದೇ ಓಡುತ್ತಿತ್ತು. ಆ ವಯಸ್ಸಿನಲ್ಲಿ ತಲೆ ಇರೋದೇ ಹಾಗೆ.

ಇನ್ನು ಝಗಮಗದ ವಿಚಾರ. ಹಾಲ್ ಟಿವಿಯಲ್ಲಿ ಕಾಣುವುದಕ್ಕಿಂತ ಸಣ್ಣದು. ವೇದಿಕೆ ಮುಂದೆ ತಗ್ಗಿನಲ್ಲಿ ಒಂದಷ್ಟು ಟೇಬಲ್, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಉಳಿದವು. ಕುರ್ಚಿಗಳು ಒತ್ತೊತ್ತಾಗಿ ಇರುತ್ತವೆ, ಎದ್ದು ಹೋಗಬೇಕೆಂದರೆ ಹಿಂದಿನ ಟೇಬಲ್‌ನವರು ಮುಂದಕ್ಕೆ ಸರಿಯಬೇಕು. ಟಿವಿಯಲ್ಲಿ ನೋಡುವಾಗ ಸ್ಟಾರ್‌ಗಳು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಾರಲ್ಲ, ಅದರಲ್ಲಿ ಅರ್ಧ ಪ್ರೀತಿ, ಅರ್ಧ ಜಾಗದ ತೊಂದರೆ. ಸೀರೆ ಸೆರಗು ಹಿಡಿದುಕೊಂಡು ನಮ್ಮ ಟೇಬಲ್ ಮುಟ್ಟುವಷ್ಟರಲ್ಲಿ ನಾನು ಎಷ್ಟು ಜನರಿಗೆ 'ಸಾರಿ' ಹೇಳಿದೆನೋ ಲೆಕ್ಕವಿಲ್ಲ.

ಊಟ? ಮೊದಲು ಸೊಪ್ಪಿನ ಸಾಲಡ್, ಬೆಣ್ಣೆ, ಬ್ರೆಡ್. ಆಮೇಲೆ ಎಲ್ಲರಿಗೂ ಮಾಂಸದ ತಟ್ಟೆ. ವೆಜ್ ಅಂತ ಮೊದಲೇ ಹೇಳಿದ್ದ ನಮ್ಮಿಬ್ಬರಿಗೆ ಸುಟ್ಟ ತರಕಾರಿ, ಕೆಳಗೆ ಒಂದು ಮುದ್ದೆಯಷ್ಟು ಆಲೂಗಡ್ಡೆ. ಉಪ್ಪಿಲ್ಲ, ಖಾರವಿಲ್ಲ. ಅಪ್ಪ ಕೋಟಿನ ಜೇಬಿನಿಂದ ಚಟ್ನಿಪುಡಿ ಪೊಟ್ಟಣ ತೆಗೆದಾಗ ನಾಚಿಕೆಯಿಂದ ನೆಲ ಬಾಯಿ ಬಿಡಬಾರದಾ ಅನ್ನಿಸಿತ್ತು. ಪಕ್ಕದಲ್ಲಿದ್ದ ಅವರ ಸೂಪರ್‌ವೈಸರ್ "ನನಗೂ ಸ್ವಲ್ಪ" ಅಂತ ಕೈ ಚಾಚಿದರು. ಆಫೀಸಿನಲ್ಲಿ ರಾತ್ರಿ ಪಾಳಿಯಲ್ಲಿ ಅದರ ರುಚಿ ಹತ್ತಿಸಿಕೊಂಡಿದ್ದರಂತೆ. ಪಿಜ್ಜಾ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದರಂತೆ.

ಸ್ಟಾರ್‌ಗಳು ಇರಲಿಲ್ಲ ಅಂತಲ್ಲ, ಆದರೆ ಹಾಲ್ ತುಂಬ ಇದ್ದವರು ಬೇರೆ ಥರದ ಜನ. ಕಣ್ಣ ಕೆಳಗೆ ಕಪ್ಪಾಗಿರುವವರು, ಟೈ ಕಟ್ಟಿ ಅಭ್ಯಾಸವಿಲ್ಲದವರು, ವೇದಿಕೆಗಿಂತ ಪರದೆಯನ್ನೇ ಜಾಸ್ತಿ ನೋಡುವವರು. ನಿರೂಪಕ ಪ್ಯಾಟನ್ ಓಸ್ವಾಲ್ಟ್. ಅವರ ಜೋಕುಗಳಲ್ಲಿ ಅರ್ಧ ನನಗೆ ಅರ್ಥವಾಗಲಿಲ್ಲ, ಅರ್ಥವಾದದ್ದಕ್ಕೆ ಅಪ್ಪನ ಮುಂದೆ ನಗುವ ಹಾಗಿರಲಿಲ್ಲ. ಆದರೆ 'ರಾಟಟೂಯಿ' ಸಿನಿಮಾದಲ್ಲಿ ಅಡುಗೆ ಮಾಡುವ ಇಲಿಗೆ ದನಿ ಕೊಟ್ಟಿದ್ದು ಇವರೇ ಅಂತ ಗೊತ್ತಾದ ಮೇಲೆ ಕಣ್ಣು ಮುಚ್ಚಿ ಕೇಳಿದೆ. ಹೌದು, ಅದೇ ಇಲಿ.

ನನಗೆ ಇವತ್ತಿಗೂ ಚೆನ್ನಾಗಿ ನೆನಪಿರುವುದು ವಾಷ್‌ರೂಮ್ ಹೊರಗಿನ ಕಾರಿಡಾರ್. ಒಬ್ಬ ಹೆಂಗಸು ನನ್ನನ್ನೇ ನೋಡುತ್ತಾ ಹತ್ತಿರ ಬಂದರು. ನಲವತ್ತರ ಆಸುಪಾಸು, ಕಪ್ಪು ಡ್ರೆಸ್, ಕಾಲಲ್ಲಿ ಮಾತ್ರ ಸ್ನೀಕರ್ಸ್. ಸೀರೆ ಚೆನ್ನಾಗಿದೆ ಅಂತಾರೇನೋ ಅಂದುಕೊಂಡೆ. ಅವರು ಹೇಳಿದ್ದು, "ನಿನ್ನ ಬಟ್ಟೆ ಮುಟ್ಟಬಹುದಾ? ಅಲ್ಲಿಂದ ಇಲ್ಲಿವರೆಗೆ ಒಂದು ಸಲ ನಡೀತೀಯಾ?" ಅವರ ಕೆಲಸ ಕ್ಲಾತ್ ಸಿಮ್ಯುಲೇಷನ್. ಕಂಪ್ಯೂಟರ್‌ನಲ್ಲಿ ಮಾಡಿದ ಪಾತ್ರ ಓಡಿದರೆ, ಗಾಳಿಗೆ ನಿಂತರೆ, ಅದರ ಬಟ್ಟೆ ಹೇಗೆ ಹಾರಬೇಕು, ಎಲ್ಲಿ ಮಡಿಸಿಕೊಳ್ಳಬೇಕು ಅಂತ ಲೆಕ್ಕ ಹಾಕಿ ಕೂರಿಸುವುದು. ನಾನು ನಡೆದೆ. ಅವರು ಮಂಡಿಯೂರಿ ಕೂತು ಫೋನಿನಲ್ಲಿ ನನ್ನ ನೆರಿಗೆಯ ವಿಡಿಯೋ ತೆಗೆದರು. ಆಮೇಲೆ ಅಂಚು ಹಿಡಿದು ತೋರಿಸಿದರು. ಮೈಸೂರು ಸಿಲ್ಕ್ ತೆಳು, ನೀರಿನ ಹಾಗೆ ಜಾರುತ್ತೆ. ಜರಿ ಅಂಚು ಬಿಗಿ, ಭಾರ. ಹಾಗಾಗಿ ಹೆಜ್ಜೆ ಇಟ್ಟಾಗ ಒಡಲು ಮೊದಲು ಮುಂದಕ್ಕೆ ಹೋಗುತ್ತೆ, ಅಂಚು ಒಂದು ಕ್ಷಣ ತಡವಾಗಿ ಹಿಂದೆ ಬರುತ್ತೆ. "ಈ ತಡ ಇದೆಯಲ್ಲ, ಇದನ್ನು ತರೋಕೆ ನಮಗೆ ವಾರಗಟ್ಟಲೆ ಬೇಕು" ಅಂದರು. ಹುಟ್ಟಿದಾಗಿನಿಂದ ಸೀರೆ ನೋಡಿದ್ದೇನೆ, ಅಂಚು ತಡವಾಗಿ ಬರುತ್ತೆ ಅನ್ನೋದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಯಾವ ಮದುವೆಗೆ ಹೋದರೂ ಅದೇ ಕಾಣುತ್ತೆ. ಹೆಂಗಸರ ಕಾಲನ್ನೇ ನೋಡ್ತಾ ಕೂರ್ತೀಯಲ್ಲೇ ಅಂತ ಅಮ್ಮ ಬೈದದ್ದೂ ಆಗಿದೆ.

ವಿಭಾಗಗಳು ಇಪ್ಪತ್ತಕ್ಕೂ ಜಾಸ್ತಿ. ಕೆಲವು ತೂಕಡಿಸುವಷ್ಟು ಬೋರು. ಆದರೆ ಪರದೆ ಮೇಲೆ ಬರುವ ತುಣುಕುಗಳಿಗಾಗಿ ಎದ್ದು ಕೂರಬೇಕಿತ್ತು. ಆ ವರ್ಷ ಎಲ್ಲರ ಬಾಯಲ್ಲೂ 'ಲೈಫ್ ಆಫ್ ಪೈ', ಸಮುದ್ರದ ನಡುವೆ ಒಂದೇ ದೋಣಿಯಲ್ಲಿ ಸಿಕ್ಕಿಕೊಂಡ ಹುಡುಗ ಮತ್ತು ಹುಲಿಯ ಕಥೆ. ನೀವು ನೋಡಿದ್ದರೆ ರಿಚರ್ಡ್ ಪಾರ್ಕರ್ ಅನ್ನೋ ಹುಲಿ ನೆನಪಿರುತ್ತೆ. ನಾಲ್ಕು ನಿಜವಾದ ಹುಲಿಗಳನ್ನೂ ಬಳಸಿದ್ದರು, ಆದರೆ ತೆರೆ ಮೇಲೆ ಕಾಣುವ ಹುಲಿಯಲ್ಲಿ ಬಹುಪಾಲು ಕಂಪ್ಯೂಟರ್‌ನದ್ದು. ಮಾಡಿದ್ದು ರಿದಮ್ ಅಂಡ್ ಹ್ಯೂಸ್ ಸ್ಟುಡಿಯೋ. ಲಾಸ್ ಏಂಜಲಿಸ್ ಅಷ್ಟೇ ಅಲ್ಲ, ಮುಂಬೈ, ಹೈದರಾಬಾದ್‌ಗಳಲ್ಲೂ ಅವರ ಆಫೀಸ್ ಇತ್ತು. ಶೂಟಿಂಗ್‌ನಲ್ಲಿ ದೋಣಿಯಲ್ಲಿ ಇದ್ದದ್ದು ಎಷ್ಟೋ ಸಲ ಒಂದು ನೀಲಿ ಬೊಂಬೆ. ಅದರ ಜಾಗಕ್ಕೆ ಮೊದಲು ಎಲುಬು, ಎಲುಬಿನ ಮೇಲೆ ಮಾಂಸಖಂಡ, ಖಂಡದ ಮೇಲೆ ಸಡಿಲವಾಗಿ ಜಾರುವ ಚರ್ಮ, ಕೊನೆಗೆ ಕೂದಲು. ಕೂದಲೇ ಸುಮಾರು ಒಂದು ಕೋಟಿ. ಒದ್ದೆಯಾದಾಗ ಒಂದು ಥರ, ಉಪ್ಪು ನೀರು ಒಣಗಿದಾಗ ಇನ್ನೊಂದು ಥರ, ಹಸಿವಿನಿಂದ ಸೊರಗಿದಾಗ ಮತ್ತೊಂದು ಥರ.

ಸಮುದ್ರವೂ ಹಾಗೇ. ಆ ಹುಡುಗನ ಪಾತ್ರ ಮಾಡಿದ ಸೂರಜ್ ಶರ್ಮಾ ಕೂತಿದ್ದ ದೋಣಿ ಇದ್ದದ್ದು ತೈವಾನ್‌ನ ತೈಚುಂಗ್ ಊರಿನಲ್ಲಿ, ಹಳೇ ವಿಮಾನ ನಿಲ್ದಾಣದಲ್ಲಿ ಕಟ್ಟಿದ ದೊಡ್ಡ ತೊಟ್ಟಿಯಲ್ಲಿ. ಬಿರುಗಾಳಿಯ ದೃಶ್ಯ ಪರದೆ ಮೇಲೆ ಬಂದಾಗ ಹಾಲ್‌ನಲ್ಲಿ ಒಂದು ವಿಚಿತ್ರ ನಡೆಯಿತು. ಹುಲಿಗೆ ಎಲ್ಲರೂ ಚಪ್ಪಾಳೆ ಹೊಡೆದಿದ್ದರು, ಸರಿ. ಆದರೆ ಇಲ್ಲಿ ಒಂದು ಅಲೆ ದೋಣಿಯ ಅಂಚಿಗೆ ಬಡಿದು ನೊರೆ ಒಡೆದ ತಕ್ಷಣ ಜನ "ಓ" ಅಂದರು. ಅಪ್ಪನೂ ಅಂದರು. ನಾನು ಹುಲಿ ಎಲ್ಲಿ ಅಂತ ಹುಡುಕುತ್ತಿದ್ದೆ. ಅಪ್ಪ ನನ್ನ ಕಡೆ ಬಗ್ಗಿ, "ನೊರೆ ನೋಡು ಪುಟ್ಟಿ. ತೊಟ್ಟಿ ನೀರು ಎಲ್ಲಿಗೆ ಮುಗಿದು ಕಂಪ್ಯೂಟರ್ ನೀರು ಎಲ್ಲಿಂದ ಶುರುವಾಗುತ್ತೆ ಹೇಳು ನೋಡೋಣ" ಅಂದರು. ನಾನು ಏನೋ ಒಂದು ಜಾಗ ತೋರಿಸಿದೆ. ಅವರು ನಕ್ಕು, "ನನಗೂ ಗೊತ್ತಾಗ್ತಿಲ್ಲ" ಅಂದರು. ಮನೆಯಲ್ಲಿ ಸಿನಿಮಾ ನೋಡುವಾಗ ಅಪ್ಪನಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಇಲ್ಲಿ ಜೋಡಣೆ ಕಾಣ್ತಿದೆ, ಅಲ್ಲಿ ನೆರಳು ತಪ್ಪಿದೆ ಅಂತ ಹೇಳಿ ನಮ್ಮ ಮಜಾ ಎಲ್ಲ ಹಾಳು ಮಾಡುತ್ತಿದ್ದರು. ಆವತ್ತು ಗೊತ್ತಾಗದೇ ಇದ್ದದ್ದಕ್ಕೆ ಅಷ್ಟು ಖುಷಿಯಾಗಿದ್ದರು.

ಆ ಸಿನಿಮಾಗೆ ನಾಲ್ಕು ಪ್ರಶಸ್ತಿ ಬಂತು. ನಿರ್ದೇಶಕ ಆಂಗ್ ಲೀ ಅವರಿಗೂ ಒಂದು ವಿಶೇಷ ಗೌರವ ಕೊಟ್ಟರು. 'ಸ್ಟಾರ್ ವಾರ್ಸ್' ಕಾಲದಿಂದ ದುಡಿದ ರಿಚರ್ಡ್ ಎಡ್ಲಂಡ್ ಅವರಿಗೆ ಜೀವಮಾನದ ಪ್ರಶಸ್ತಿ, ಇಡೀ ಹಾಲ್ ಎದ್ದು ನಿಂತಿತು. ಟ್ರೋಫಿ ನನಗೆ ತುಂಬ ಇಷ್ಟವಾಯಿತು. 1902ರಲ್ಲಿ ಜಾರ್ಜ್ ಮೆಲಿಯೆಸ್ ಮಾಡಿದ ಮೂಕಿ ಚಿತ್ರದಲ್ಲಿ ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚಿಕೊಳ್ಳುತ್ತಲ್ಲ, ಆ ಚಂದ್ರನ ಮುಖ. ಅಪ್ಪನ ಟೇಬಲ್‌ಗೆ ಏನೂ ಬರಲಿಲ್ಲ.

ಊಟದ ನಡುವೆ ದೊಡ್ಡವರ ಮಾತು ಮಾತ್ರ ಒಂದೇ ಕಡೆ ಸುತ್ತುತ್ತಿತ್ತು. ಯಾರು ಕೆನಡಾದ ವ್ಯಾಂಕೂವರ್‌ಗೆ ಹೊರಟಿದ್ದಾರೆ, ಯಾರು ಲಂಡನ್‌ಗೆ. ಹಿಂದಿನ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಡೊಮೇನ್ ಅನ್ನೋ ಗ್ರಾಫಿಕ್ಸ್ ಕಂಪನಿ ದಿವಾಳಿ ಅರ್ಜಿ ಹಾಕಿತ್ತು, ಆ ಕಥೆ. ನನಗೆ ಆಗ ಇದರ ತಲೆಬುಡ ಗೊತ್ತಾಗಲಿಲ್ಲ. ಆಮೇಲೆ ಅರ್ಥವಾದದ್ದು ಇಷ್ಟು. ಸ್ಟುಡಿಯೋಗಳು ಗ್ರಾಫಿಕ್ಸ್ ಕಂಪನಿಗೆ ಇಷ್ಟು ಶಾಟ್‌ಗೆ ಇಷ್ಟು ದುಡ್ಡು ಅಂತ ಮೊದಲೇ ಗುತ್ತಿಗೆ ಮಾತಾಡುತ್ತವೆ. ಆಮೇಲೆ ನಿರ್ದೇಶಕರು ಹತ್ತು ಸಲ ಬದಲಾಯಿಸಿ ಅಂದರೂ, ಬಿಡುಗಡೆ ಮುಂದಕ್ಕೆ ಹೋದರೂ, ಹೊರೆ ಹೆಚ್ಚಾಗಿ ಕಂಪನಿಯ ಮೇಲೆ. ಅದರ ಮೇಲೆ ಕೆನಡಾ, ಬ್ರಿಟನ್ ಸರ್ಕಾರಗಳು ತಮ್ಮಲ್ಲಿ ಕೆಲಸ ಮಾಡಿಸಿದರೆ ತೆರಿಗೆ ವಾಪಸ್ ಕೊಡ್ತೀವಿ ಅಂತ ಕರೆಯುತ್ತವೆ. ದುಡ್ಡು ಎಲ್ಲಿ ಉಳಿಯುತ್ತೋ ಕೆಲಸ ಅಲ್ಲಿಗೆ. ಮನೆ, ಮಕ್ಕಳ ಸ್ಕೂಲು ಕಟ್ಟಿಕೊಂಡು ಕೂತವರ ಗತಿ?

ಆ ಡಿನ್ನರ್ ಆಗಿ ಸುಮಾರು ಒಂದು ವಾರಕ್ಕೆ, ಅದೇ ಫೆಬ್ರವರಿಯಲ್ಲಿ, ಹುಲಿ ಮಾಡಿದ ರಿದಮ್ ಅಂಡ್ ಹ್ಯೂಸ್ ದಿವಾಳಿ ಅರ್ಜಿ ಹಾಕಿತು. ನೂರಾರು ಜನರ ಕೆಲಸ ಹೋಯಿತು. ಸಿನಿಮಾ ಕೊನೆಗೆ ಪ್ರಪಂಚದಾದ್ಯಂತ 60 ಕೋಟಿ ಡಾಲರ್‌ಗಿಂತ ಹೆಚ್ಚು ಗಳಿಸಿತು, ನೆನಪಿರಲಿ. 24ರಂದು ಆಸ್ಕರ್. ಹೊರಗೆ ರಸ್ತೆಯಲ್ಲಿ ಗ್ರಾಫಿಕ್ಸ್‌ನವರು ಬೋರ್ಡ್ ಹಿಡಿದು ನಿಂತಿದ್ದರು. ಅಪ್ಪನ ಇಬ್ಬರು ಸಹೋದ್ಯೋಗಿಗಳೂ ಹೋಗಿದ್ದರು. ಅಪ್ಪ ಹೋಗಲಿಲ್ಲ. ವೀಸಾ ಮೇಲೆ ಇದ್ದವರು ಅಂಥದ್ದಕ್ಕೆಲ್ಲ ಹೋಗೋಕೆ ಹೆದರುತ್ತಾರೆ. ನಾವು ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆವು. ಗ್ರಾಫಿಕ್ಸ್ ಆಸ್ಕರ್ ಕೂಡ ಅದೇ ಸಿನಿಮಾಗೆ ಬಂತು. ತಂಡದ ಮುಖ್ಯಸ್ಥ ಬಿಲ್ ವೆಸ್ಟನ್‌ಹಾಫರ್ ಮಾತಿನ ಕೊನೆಗೆ ಕಂಪನಿಯ ಕಷ್ಟದ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಟೈಮ್ ಆಯ್ತು ಅಂತ ಮ್ಯೂಸಿಕ್ ಹಾಕಿದರು. ಅದೂ 'ಜಾಸ್' ಸಿನಿಮಾದ ಶಾರ್ಕ್ ಬರುವಾಗಿನ ಮ್ಯೂಸಿಕ್. ಮೈಕ್ ಆಫ್. ಅಮ್ಮ ಅಷ್ಟರಲ್ಲಿ ಊರಿಂದ ಬಂದಿದ್ದಳು. "ಪಾಪ, ಅವನು ಇನ್ನೂ ಮಾತಾಡ್ತಿದ್ದ ಅಲ್ವಾ?" ಅಂದಳು. ಅಪ್ಪ ಚಾನೆಲ್ ಬದಲಾಯಿಸಿದರು.

ಮುಂದೆ ಅಪ್ಪನೂ ವ್ಯಾಂಕೂವರ್‌ಗೆ ಹೋಗಿ ಬಂದರು, ಆಮೇಲೆ ಆ ಕೆಲಸವನ್ನೇ ಬಿಟ್ಟು ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಅನ್ನೋ ಗ್ರಾಫಿಕ್ಸ್ ಕಂಪನಿ ಬಾಗಿಲು ಹಾಕಿ ಬೆಂಗಳೂರಿನಲ್ಲೇ ಸಾವಿರಾರು ಜನ ಬೀದಿಗೆ ಬಿದ್ದಾಗ ನನಗೆ ಆ ಸುದ್ದಿ ಕಳಿಸಿದ್ದು ಅವರೇ. ಕೆಳಗೆ ಒಂದೇ ಸಾಲು: "ಫೆಬ್ರವರಿ ನಮ್ಮವರಿಗೆ ಆಗಿಬರಲ್ಲ."

ಟಿಕೆಟ್ ವಿಚಾರಕ್ಕೆ ಬರ್ತೀನಿ. ಗೋಲ್ಡನ್ ಗ್ಲೋಬ್ಸ್, ಆಸ್ಕರ್ ಎಲ್ಲ ಹೆಚ್ಚಾಗಿ ಆಹ್ವಾನ ಇದ್ದವರಿಗೆ, ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. ಆನ್‌ಲೈನ್‌ನಲ್ಲಿ ಯಾರಾದರೂ ಮಾರ್ತೀನಿ ಅಂದರೆ ದುಡ್ಡು ಕಳಿಸಲೇಬೇಡಿ. ಆದರೆ ಸಂಕಲನಕಾರರು, ಸೌಂಡ್‌ನವರು, ಕ್ಯಾಮೆರಾದವರು, ಗ್ರಾಫಿಕ್ಸ್‌ನವರು ಹೀಗೆ ಒಂದೊಂದು ಕಸುಬಿನವರಿಗೂ ಅಲ್ಲಿ ಅವರದ್ದೇ ಪ್ರಶಸ್ತಿ ರಾತ್ರಿ ಇರುತ್ತೆ. ಕಂಪನಿಗಳು ಟೇಬಲ್ ತಗೋತವೆ, ಯಾರದ್ದೋ ಹೆಂಡತಿಯೋ ಗಂಡನೋ ಕೊನೇ ಗಳಿಗೆಯಲ್ಲಿ ಬರೋಕಾಗಲ್ಲ. ನಿಮ್ಮ ನೆಂಟರು ಯಾರಾದರೂ ಆ ಲೈನಿನಲ್ಲಿದ್ದರೆ ಡಿಸೆಂಬರ್‌ನಿಂದಲೇ ಫೋನ್ ಮಾಡ್ತಾ ಇರಿ. ಮತ್ತೆ ಹೋಗುವಾಗ ಏನಾದರೂ ಖಾರದ್ದು ಜೇಬಿನಲ್ಲಿರಲಿ.