ಪಾಸ್‌ಬುಕ್ ತೋರಿಸಿ ಅಂದರೆ ಅವಮಾನವೇ?

ನಮಸ್ಕಾರ ಅಕ್ಕಾ,

ಆರು ವರ್ಷದಿಂದ ನಿಮ್ಮ ಸ್ತ್ರೀಶಕ್ತಿ ಗುಂಪಿನ ಹಣ ನೋಡಿಕೊಳ್ಳುತ್ತಿದ್ದೀರಿ. ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಭೆಯಲ್ಲಿ ಪಾಸ್‌ಬುಕ್ ತೋರಿಸಿ ಅಂದಳು. "ಒಂದು ರೂಪಾಯಿ ಆಚೀಚೆ ಮಾಡಿದವಳಲ್ಲ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ನೊಂದು ಬರೆದಿದ್ದೀರಿ.

ನಿಮ್ಮ ಕಾಗದ ಓದಿ ಬೇಜಾರಾಯಿತು. ನೀವು ಪ್ರಾಮಾಣಿಕರು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಈ ವಿಷಯದಲ್ಲಿ ನಾನು ಆ ಹುಡುಗಿಯ ಪರ.

ಗದಗಿನ ಹತ್ತಿರ ಕಣಗಿನಹಾಳ ಅಂತ ಒಂದು ಊರಿದೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ರೈತರನ್ನು ಸೇರಿಸಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘ ಎಂಬ ಹೆಸರು ಅದಕ್ಕಿದೆ. ಪತ್ತು ಅಂದರೆ ನಂಬಿ ಕೊಡುವ ಸಾಲ, ಅಲ್ವಾ? ಆದರೆ ಆ ನಂಬಿಕೆ ಕಣ್ಣು ಮುಚ್ಚಿಕೊಂಡು ಕೂತಿರಲಿಲ್ಲ. ಆಗಿನ 1904ರ ಕಾನೂನಿನಲ್ಲಿ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಅದರ ಸಾಲ ಸದಸ್ಯರ ಹೊಲ-ಮನೆಯವರೆಗೂ ಬರಬಹುದಿತ್ತು. ಪಕ್ಕದ ಮನೆಯವನ ಸಾಲಕ್ಕೆ ನನ್ನ ಹೊಲ ಹೋಗಬಹುದು ಅಂದಾಗ ಸುಮ್ನೆ ಕೂರಲಾದೀತೇ? ಸಾಲ ತಗೊಂಡು ಎತ್ತು ತಂದನೋ, ಮದುವೆಗೆ ಸುರಿದನೋ, ಕೇಳಲೇಬೇಕು. ಜೊತೆಗೆ, ಪ್ರತಿ ಸಂಘದ ಲೆಕ್ಕವನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕು ಎಂದು ಅದೇ ಕಾನೂನು ಹೇಳಿತ್ತು. ಅನುಮಾನ ಬಂದ ಸಂಘದ್ದು ಮಾತ್ರ ಅಲ್ಲ, ಎಲ್ಲದರದ್ದೂ.

ನಮ್ಮ ಮನೆಯದೇ ಒಂದು ಮಾತು ಹೇಳುತ್ತೇನೆ. ಊರ ಗುಡಿಯ ಹಣ ನಮ್ಮ ಅಪ್ಪನ ಹತ್ತಿರ ಇರುತ್ತಿತ್ತು. ಅಪ್ಪನ ಮೇಲಿನ ಗೌರವಕ್ಕೆ ಯಾರೂ ಯಾವತ್ತೂ ಲೆಕ್ಕ ಕೇಳಲಿಲ್ಲ. ಅವರಾಗಿಯೂ ತೋರಿಸಲಿಲ್ಲ. ಅವರು ತೀರಿಕೊಂಡ ಮೇಲೆ ನೋಡಿದರೆ ಶಿಲ್ಕು ನಾನೂರು ರೂಪಾಯಿ ಕಮ್ಮಿ. ಯಾವುದಕ್ಕೆ ಖರ್ಚಾಗಿತ್ತೋ, ಗೊತ್ತಿದ್ದವರು ಅವರೊಬ್ಬರೇ. ಅಮ್ಮ ತನ್ನ ಕೈಯಿಂದ ತುಂಬಿದಳು. ಆದರೂ ಊರಲ್ಲಿ ಮಾತು ಉಳಿಯಿತು. ಅಪ್ಪನ ಪರವಾಗಿ ಹೇಳಲು ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ ಅಕ್ಕಾ. ಆ ಹುಡುಗಿ ಕೇಳಿದ್ದು ನಿಮ್ಮನ್ನೂ ಕಾಯುವ ಪ್ರಶ್ನೆ. ಮುಂದಿನ ಸಭೆಯಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಪಾಸ್‌ಬುಕ್, ರಸೀದಿ, ಜಮಾ-ಖರ್ಚಿನ ಪುಸ್ತಕ ಎಲ್ಲ ಚಾಪೆಯ ಮೇಲಿಡಿ. ಅವಳ ಕೈಯಲ್ಲೇ ಜೋರಾಗಿ ಓದಿಸಿ. ಗುಂಪಿನಲ್ಲಿ ಓದು ಬಾರದವರೂ ಇರುತ್ತಾರಲ್ಲ, ಅವರ ಉಳಿತಾಯ ಎಷ್ಟಾಗಿದೆ ಅಂತ ಅವರ ಕಿವಿಗೂ ಬೀಳಲಿ. ಏನಾಯಿತು ಅಂತ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ