ಸ್ಪ್ಲೆಂಡರ್ ಮಾರಿ ಹಿಮಾಲಯನ್ ಕೊಳ್ಳಲೇ?

ಪ್ರಶ್ನೆ: ನಾನು ತಿಪಟೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ಮನೆಯಿಂದ ಶಾಲೆಗೆ 22 ಕಿ.ಮೀ. ದೂರವಿದ್ದು, ಕೊನೆಯ ನಾಲ್ಕು ಕಿ.ಮೀ. ಜಲ್ಲಿ ಕಿತ್ತುಬಂದಿರುವ ರಸ್ತೆ. ನಮ್ಮಲ್ಲಿ ಎಂಟು ವರ್ಷ ಹಳೆಯ ಸ್ಪ್ಲೆಂಡರ್ ಇದೆ. ಬೆಳಿಗ್ಗೆ ನಮ್ಮ ತಂದೆಯವರು ಅದರಲ್ಲೇ ಡೇರಿಗೆ ಹಾಲು ಹಾಕಿ ಬರುತ್ತಾರೆ. ವರ್ಷಕ್ಕೊಂದೆರಡು ಬಾರಿ ಪತ್ನಿಯೊಡನೆ ಚಾರ್ಮಾಡಿ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೋಗುವುದುಂಟು. ಇದನ್ನು ಮಾರಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಕೊಂಡರೆ ಒಂದೇ ಗಾಡಿಯಲ್ಲಿ ಎರಡೂ ಕೆಲಸ ಆಗುತ್ತದೆಂಬುದು ನನ್ನ ವಾದ, ಮನೆಯವರು ಒಪ್ಪುತ್ತಿಲ್ಲ. ದಯವಿಟ್ಟು ತಮ್ಮ ಅಭಿಪ್ರಾಯ ತಿಳಿಸಿ.

ಉತ್ತರ: ಮಾರಬೇಡಿ. ಮನೆಯವರ ಮಾತಿನಲ್ಲಿ ಹುರುಳಿದೆ. ಅವರು ಬಹುಶಃ ಪೆಟ್ರೋಲ್ ಖರ್ಚನ್ನು ಮುಂದಿಟ್ಟಿರುತ್ತಾರೆ. ತಿಂಗಳಿಗೆ 25 ದಿನ ಶಾಲೆಯೆಂದರೆ 1,100 ಕಿ.ಮೀ. ಓಡಾಟ, ಲೀಟರಿಗೆ 60 ಕಿ.ಮೀ. ಕೊಡುವ ಸ್ಪ್ಲೆಂಡರ್‌ಗೆ ಸುಮಾರು 18 ಲೀಟರ್, 30ರ ಆಸುಪಾಸಿನಲ್ಲಿ ಓಡುವ ಹಿಮಾಲಯನ್‌ಗೆ ಸುಮಾರು 37 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿಯೆಂದು ಹಿಡಿದರೂ ತಿಂಗಳಿಗೆ 1,900 ರೂಪಾಯಿ ಹೆಚ್ಚಾಯಿತು. ಆದರೆ ಆಸೆಪಟ್ಟು ಗಾಡಿ ಕೊಂಡವರು ಇಷ್ಟನ್ನು ಹೇಗೋ ಹೊಂದಿಸಿಕೊಳ್ಳುತ್ತಾರೆ. ಹೊಂದಿಸಿಕೊಳ್ಳಲಾಗದ್ದು ತೂಕ ಮತ್ತು ಎತ್ತರ.

ನಿಮ್ಮ ಸ್ಪ್ಲೆಂಡರ್‌ನ ತೂಕ ಸುಮಾರು 110 ಕೆ.ಜಿ.; ಹಿಮಾಲಯನ್‌ನದು 196 ಕೆ.ಜಿ. ಓಡುವಾಗ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ. ನಸುಕಿನಲ್ಲಿ ಹಾಲಿನ ಕ್ಯಾನನ್ನು ಒಂದು ಪಕ್ಕಕ್ಕೆ ನೇತುಹಾಕಿ, ಚರಂಡಿಯ ಮೇಲಿನ ಚಪ್ಪಡಿ ದಾಟಿಸಿ, ಡೇರಿಯ ಮುಂದಿನ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಕ್ಕೆ ತಳ್ಳಿ ತಿರುಗಿಸಿಕೊಳ್ಳುವವರು ನಿಮ್ಮ ತಂದೆಯವರು. ಹಿಮಾಲಯನ್‌ನ 825 ಮಿ.ಮೀ. ಎತ್ತರದ ಸೀಟಿನ ಮೇಲೆ ಕೂತು, ತುದಿಗಾಲನ್ನಷ್ಟೇ ನೆಲಕ್ಕೆ ಊರಿ ಅವರು ಆ ಕೆಲಸ ಮಾಡಲಾರರು. ನಿಮ್ಮ ಪತ್ನಿಯವರು ಸೀರೆಯುಟ್ಟು ಒಂದೇ ಕಡೆಗೆ ಕಾಲು ಹಾಕಿ ಕೂರುವ ರೂಢಿಯವರಾದರೆ ಅವರ ಕಷ್ಟವೂ ಅದೇ: ಈ ಬಗೆಯ ಗಾಡಿಗಳಲ್ಲಿ ಹಿಂದಿನ ಸೀಟು ಸವಾರನ ಸೀಟಿಗಿಂತಲೂ ಎತ್ತರಕ್ಕಿರುತ್ತದೆ, ಅದರ ವಿನ್ಯಾಸವೂ ಎರಡೂ ಕಡೆ ಕಾಲು ಹಾಕಿ ಕೂರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು.

ಹಾಗೆಂದು ಆ ಗಾಡಿಯ ಗುಣವನ್ನು ಅಲ್ಲಗಳೆಯುವಂತಿಲ್ಲ. ಹಿಮಾಲಯನ್‌ನಂಥ ಅಡ್ವೆಂಚರ್ ಬೈಕ್ (ಕೆಟ್ಟ ರಸ್ತೆಗೂ ದೂರದ ಪ್ರಯಾಣಕ್ಕೂ ಮಾಡಿದ ಗಾಡಿ) ಎಂದರೆ ಹೆಚ್ಚು ಶಕ್ತಿಯ ಗಾಡಿ ಎಂದು ಹಲವರು ತಿಳಿದಿದ್ದಾರೆ. ಅದರ ನಿಜವಾದ ಬಂಡವಾಳ ಇರುವುದು ಚಕ್ರ ಮತ್ತು ಸಸ್ಪೆನ್ಷನ್‌ನಲ್ಲಿ. ಹಿಮಾಲಯನ್‌ನ ಮುಂದಿನ ಚಕ್ರ 21 ಅಂಗುಲ, ನಿಮ್ಮದು 18. ಚಕ್ರ ದೊಡ್ಡದಾದಷ್ಟೂ ಗುಂಡಿಯೊಳಕ್ಕೆ ಇಳಿಯುವುದು ಕಡಿಮೆ, ಕಲ್ಲಿನ ಅಂಚನ್ನು ಹತ್ತುವುದು ಸಲೀಸು. ಜೊತೆಗೆ 200 ಮಿ.ಮೀ. ಕುಗ್ಗಿ ಏಳುವ ಸಸ್ಪೆನ್ಷನ್ ಇದೆ. ನೆಲದಿಂದ ಗಾಡಿಯ ತಳದವರೆಗಿನ ಅಂತರ 230 ಮಿ.ಮೀ., ಸ್ಪ್ಲೆಂಡರ್‌ನದು 165. ಆದ್ದರಿಂದ ಅದರ ಬೆಲೆ ನಿಮಗೆ ತಿಳಿಯುವುದು ಹೆದ್ದಾರಿಗಿಂತ ಶಾಲೆಯ ದಾರಿಯ ಆ ನಾಲ್ಕು ಕಿ.ಮೀ.ಗಳಲ್ಲಿಯೇ. ಆದರೆ ನಾಲ್ಕು ಕಿ.ಮೀ.ಗಾಗಿ ಮೂರು ಲಕ್ಷಕ್ಕೂ ಹೆಚ್ಚು ಹಣ ಸುರಿಯುವ ಮುನ್ನ, ಎಂಟು ವರ್ಷದಿಂದ ಬದಲಾಯಿಸದಿದ್ದರೆ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳನ್ನು ಹೊಸದಾಗಿ ಹಾಕಿಸಿ ನೋಡಿ. ಸೊಂಟನೋವಿನ ದೊಡ್ಡ ಪಾಲು ಅಲ್ಲಿಯೇ ಕಳೆಯುತ್ತದೆ.

ಇನ್ನು ಚಾರ್ಮಾಡಿ. ಕೊಟ್ಟಿಗೆಹಾರದಿಂದ ಉಜಿರೆಯ ಕಡೆಗೆ ಇಳಿಯುವಾಗ ಇಬ್ಬರ ಭಾರವನ್ನೂ ಸಾಮಾನನ್ನೂ ತಡೆಯುವುದು ಸ್ಪ್ಲೆಂಡರ್‌ನ ಡ್ರಮ್ ಬ್ರೇಕ್. ಬಿಡದೆ ಹಿಡಿದುಕೊಂಡೇ ಇಳಿದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಇಳಿಯಬೇಕು. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಅಭ್ಯಾಸ ಘಾಟಿಯಲ್ಲಿ ಖಂಡಿತ ಕೂಡದು. ಮಳೆಗಾಲದಲ್ಲಿ, ಹಿಮಾಲಯನ್‌ನಲ್ಲಿರುವಂತೆ ಎರಡೂ ಚಕ್ರಕ್ಕೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಡಿಸ್ಕ್ ಬ್ರೇಕ್ ಇರುವುದು ದೊಡ್ಡ ಅನುಕೂಲವೆಂಬುದನ್ನು ಒಪ್ಪುತ್ತೇವೆ. ಹಾಸನದ ಕಡೆಯ ಬಯಲು ರಸ್ತೆಯಲ್ಲಿಯೂ ವ್ಯತ್ಯಾಸವಿದೆ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದಷ್ಟು ಏರುವುದರಿಂದ, 60ರಿಂದ 80ಕ್ಕೆ ಹೋದರೆ ಅದು ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಸುಮಾರು ಎಂಟು ಅಶ್ವಶಕ್ತಿಯ ಎಂಜಿನ್ ಅಲ್ಲಿಗೇ ಬಹುಪಾಲು ಮುಗಿದಿರುತ್ತದೆ, ಲಾರಿಯನ್ನು ಹಿಂದಿಕ್ಕಲು ಏನೂ ಉಳಿದಿರುವುದಿಲ್ಲ. ಸುಮಾರು 40 ಅಶ್ವಶಕ್ತಿಯ ಹಿಮಾಲಯನ್‌ಗೆ ಆ ಕೊರತೆಯಿಲ್ಲ. ಸ್ಪ್ಲೆಂಡರ್‌ನಲ್ಲಿ ಹೋಗುವುದಾದರೆ 60ರಲ್ಲಿಯೇ ಹೋಗಿ, ಅರ್ಧ ದಿನ ಮುಂಚೆ ಹೊರಡಿ. (ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಕನಸಿನಲ್ಲಿ ದೊಡ್ಡ ಗಾಡಿ ಕೊಳ್ಳುವವರು ನೆನಪಿಡಬೇಕು: 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಿಗೆ ದ್ವಿಚಕ್ರ ವಾಹನಗಳ ಪ್ರವೇಶವೇ ಇಲ್ಲ. ಎಂಜಿನ್ ಎಷ್ಟು ಸಿ.ಸಿ.ಯದಾದರೂ ಸರ್ವಿಸ್ ರಸ್ತೆಯೇ ಗತಿ.)

ವರ್ಷಕ್ಕೆರಡು ಪ್ರವಾಸಕ್ಕೆ ಬಾಡಿಗೆಯ ಗಾಡಿ ಸಾಕು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ, ವಿಮೆ ಚಾಲ್ತಿಯಲ್ಲಿರುವ ಗಾಡಿಯನ್ನೇ ಪಡೆಯಿರಿ. ಅಷ್ಟಕ್ಕೂ ಕೊಳ್ಳಲೇಬೇಕೆಂದಿದ್ದರೆ ಸ್ಪ್ಲೆಂಡರ್ ಅನ್ನು ಮನೆಯಲ್ಲಿ ಉಳಿಸಿಕೊಂಡು, 200ರಿಂದ 250 ಸಿ.ಸಿ.ಯೊಳಗಿನ ಅಡ್ವೆಂಚರ್ ಬೈಕುಗಳಾದ ಹೀರೊ ಎಕ್ಸ್‌ಪಲ್ಸ್ ಅಥವಾ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಅನ್ನು ಓಡಿಸಿ ನೋಡಿ. ತೂಕ 170 ಕೆ.ಜಿ.ಯ ಆಸುಪಾಸು ಅಥವಾ ಅದಕ್ಕೂ ಕಡಿಮೆ. ತೆರಿಗೆಯ ಲೆಕ್ಕವೂ ಇವುಗಳ ಪರವಾಗಿದೆ: 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದರೆ, ಅದಕ್ಕೂ ಮೇಲಿನವುಗಳದು ಶೇ 40 ಆಯಿತು. ನೀವು ಮೆಚ್ಚಿರುವ ಗಾಡಿ 452 ಸಿ.ಸಿ.ಯದು.

ಪ್ರಶ್ನೆ: 100 ಸಿ.ಸಿ. ಬೈಕಿನಲ್ಲಿ ಲಡಾಖ್‌ಗೆ ಹೋಗಿಬರಬಹುದೇ? ಗೆಳೆಯರೆಲ್ಲರೂ ದೊಡ್ಡ ಗಾಡಿಯವರು. — ಹುಬ್ಬಳ್ಳಿಯ ವಿದ್ಯಾರ್ಥಿ

ಉತ್ತರ: ಹೋಗಬಹುದು, ಹೋಗಿಬಂದವರೂ ಇದ್ದಾರೆ. ಆದರೆ ಖರ್ದುಂಗ್ ಲಾ ಏರಿದಾಗ, ಅಂದರೆ 5,300 ಮೀಟರಿಗೂ ಮೇಲೆ, ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಾಗಿರುತ್ತದೆ. ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. 40 ಅಶ್ವಶಕ್ತಿಯ ಗಾಡಿಗೆ 20 ಉಳಿಯುತ್ತದೆ, ನಿಮ್ಮದಕ್ಕೆ ನಾಲ್ಕು. ಫ್ಯೂಯೆಲ್ ಇಂಜೆಕ್ಷನ್ ಇದ್ದರೆ ಪೆಟ್ರೋಲ್‌ನ ಪ್ರಮಾಣವನ್ನು ಗಾಳಿಗೆ ತಕ್ಕಂತೆ ತಾನೇ ತಗ್ಗಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಆದರೆ ಕಪ್ಪು ಹೊಗೆ, ಮುಗ್ಗರಿಕೆ. ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ, ಮೊದಲನೇ ಗೇರಿನಲ್ಲಿ ಕಾಲ್ನಡಿಗೆಯಷ್ಟು ನಿಧಾನವಾಗಿ ಏರುವ ತಾಳ್ಮೆಯಿರಲಿ. ಒಂದು ವಿಷಯದಲ್ಲಿ ನೀವೂ ನಿರಾಳ: ಮನಾಲಿ–ಲೇಹ್ ದಾರಿಯ ತಾಂಡಿಯಲ್ಲಿ, ಮುಂದಿನ ಪೆಟ್ರೋಲ್ ಪಂಪ್ 365 ಕಿ.ಮೀ. ದೂರದಲ್ಲಿದೆಯೆನ್ನುವ ಪ್ರಸಿದ್ಧ ಫಲಕವಿದೆ. ಸುಮಾರು ಹತ್ತು ಲೀಟರ್ ಟ್ಯಾಂಕಿನ ನಿಮ್ಮ ಗಾಡಿ, ಲೀಟರಿಗೆ 45 ಕಿ.ಮೀ. ಮಾತ್ರ ಕೊಟ್ಟರೂ ಆ ದೂರವನ್ನು ದಾಟುತ್ತದೆ. ಹೊರಡುವ ಮುನ್ನ ಕ್ಲಚ್ ಪ್ಲೇಟ್ ಪರೀಕ್ಷಿಸಿ. ಏರಿನಲ್ಲಿ ಮೊದಲು ಸೋಲುವುದು ಅದು.

ಪ್ರಶ್ನೆ: ನನ್ನ ಎತ್ತರ ಐದು ಅಡಿ ಮೂರು ಅಂಗುಲ. ಅಡ್ವೆಂಚರ್ ಬೈಕ್ ಓಡಿಸಲು ಸಾಧ್ಯವೇ? — ಮಂಗಳೂರಿನ ಓದುಗರು

ಉತ್ತರ: ಸಾಧ್ಯ. ಎರಡೂ ಪಾದ ಪೂರ್ತಿ ನೆಲಕ್ಕೆ ಊರಲೇಬೇಕೆಂಬ ನಿಯಮವಿಲ್ಲ. ಎಡಪಾದ ಗಟ್ಟಿಯಾಗಿ ಊರಿ, ಬಲಪಾದವನ್ನು ಬ್ರೇಕಿನ ಮೇಲೆ ಇಟ್ಟುಕೊಂಡು ನಿಲ್ಲುವುದನ್ನು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ. ಷೋರೂಮಿನಲ್ಲಿ ಸೀಟಿನ ಎತ್ತರದ ಅಂಕಿಯನ್ನಷ್ಟೇ ನೋಡದೆ ಅದರ ಅಗಲವನ್ನೂ ಗಮನಿಸಿ, ಏಕೆಂದರೆ ಸೀಟು ಅಗಲವಾಗಿದ್ದರೆ ಕಾಲು ಹೊರಕ್ಕೆ ಚಾಚಿಕೊಂಡು ನೆಲ ಇನ್ನಷ್ಟು ದೂರವಾಗುತ್ತದೆ. ಕಂಪನಿಯದೇ ತಗ್ಗಿನ ಸೀಟು ಸಿಗುವುದಾದರೆ ಅದನ್ನು ಹಾಕಿಸಿಕೊಳ್ಳಿ. ಹಿಂದಿನ ಸಸ್ಪೆನ್ಷನ್ ಒಂದನ್ನೇ ಇಳಿಸಿಕೊಡುತ್ತೇವೆಂದು ಹೊರಗಿನ ಗ್ಯಾರೇಜಿನವರು ಹೇಳಿದರೆ ಒಪ್ಪಬೇಡಿ. ಹಾಗೆ ಮಾಡಿದರೆ ಮುಂಭಾಗ ಮೇಲೆದ್ದಂತಾಗಿ ತಿರುವಿನಲ್ಲಿ ಹ್ಯಾಂಡಲ್‌ನ ಸ್ವಭಾವ ಬದಲಾಗುತ್ತದೆ, ಸೈಡ್ ಸ್ಟ್ಯಾಂಡ್ ಉದ್ದವಾಗಿಬಿಟ್ಟು ನಿಲ್ಲಿಸಿದ ಗಾಡಿ ಬಲಕ್ಕೆ ಉರುಳುವ ಅಪಾಯವೂ ಇದೆ.