ಅಮೆರಿಕದ ರೇಡಿಯೋ ಚರ್ಚೆಗಳಲ್ಲಿ ಬಲಪಂಥೀಯರದ್ದೇ ದರ್ಬಾರು ಯಾಕೆ?
ಬರೀ ರಾಜಕೀಯದಲ್ಲಿ ಕಾರಣ ಹುಡುಕಿದರೆ ಅರ್ಧ ಉತ್ತರ ಸಿಗುತ್ತೆ. ಇನ್ನರ್ಧ ಇರೋದು ರೇಡಿಯೋ ಪೆಟ್ಟಿಗೆಯೊಳಗೆ.

1980ರ ದಶಕದ ಹೊತ್ತಿಗೆ ಹಾಡು ಕೇಳುವವರೆಲ್ಲ ಎಫ್‌ಎಂಗೆ ಹೋಗಿಬಿಟ್ಟಿದ್ದರು. ಹಳೆಯ ಎಎಂ ರೇಡಿಯೋ ತರಂಗಗಳಲ್ಲಿ ಕರಕರ ಸದ್ದು. ಹಾಡಿಗಾಗದು, ಮಾತಿಗೆ ಧಾರಾಳ ಸಾಕು. ಆ ಸ್ಟೇಷನ್‌ಗಳಿಗೆ ಹೊತ್ತು ತುಂಬಿಸುವವರು ಬೇಕಿತ್ತು. ಅಷ್ಟರಲ್ಲಿ 1987ರಲ್ಲಿ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ, 1949ರಿಂದಿದ್ದ 'ಫೇರ್‌ನೆಸ್ ಡಾಕ್ಟ್ರಿನ್' ಕೈಬಿಟ್ಟಿತು. ವಿವಾದದ ವಿಷಯ ಎತ್ತಿದರೆ ಎದುರು ಅಭಿಪ್ರಾಯಕ್ಕೂ ಜಾಗ ಕೊಡಬೇಕು ಅನ್ನೋ ನಿಯಮ ಅದು.

ಮರುವರ್ಷವೇ ಬಲಪಂಥೀಯ ರೇಡಿಯೋ ಮಾತುಗಾರ ರಶ್ ಲಿಂಬಾನ ದೇಶವ್ಯಾಪಿ ಕಾರ್ಯಕ್ರಮ ಶುರುವಾಯ್ತು. ದಿನಕ್ಕೆ ಮೂರು ಗಂಟೆ, ಅತಿಥಿಗಳು ಅಪರೂಪ. ಮೈಕ್ ಎದುರೇ ಕಾಗದ ಪರಪರ ಅನ್ನಿಸುತ್ತಾ, ಡೆಮಾಕ್ರಟರನ್ನು ಅಣಕಿಸುತ್ತಾ ಒಬ್ಬನೇ ಮಾತಾಡುತ್ತಿದ್ದ. ಟಿವಿ, ಪತ್ರಿಕೆಗಳೆಲ್ಲ ತಮಗೆ ವಿರೋಧಿ ಅಂದುಕೊಂಡಿದ್ದ ಕೇಳುಗರಿಗೆ ತಮ್ಮ ಮನಸ್ಸಿನ ಮಾತೇ ಕೇಳಿಸಿದಂತಾಯ್ತು. 1994ರಲ್ಲಿ ರಿಪಬ್ಲಿಕನ್ನರು 40 ವರ್ಷಗಳ ನಂತರ ಕೆಳಮನೆ ಗೆದ್ದಾಗ, ಹೊಸ ಸಂಸದರು ಆತನನ್ನು ತಮ್ಮ ಗುಂಪಿನ ಗೌರವ ಸದಸ್ಯನನ್ನಾಗಿ ಮಾಡಿಕೊಂಡರು!

ಎಡದವರೂ ಸುಮ್ಮನಿರಲಿಲ್ಲ. 2004ರಲ್ಲಿ ಶುರುವಾದ ಅವರ ರೇಡಿಯೋ ಜಾಲ 'ಏರ್ ಅಮೆರಿಕ' 2010ಕ್ಕೆ ಬಾಗಿಲು ಮುಚ್ಚಿತು. ಅವರ ಕೇಳುಗರಿಗೆ ಅಷ್ಟರಲ್ಲಾಗಲೇ ಸಾರ್ವಜನಿಕ ರೇಡಿಯೋ ಜಾಲ ಎನ್‌ಪಿಆರ್ ಅಭ್ಯಾಸವಾಗಿತ್ತು ಅನ್ನೋದು ನನ್ನ ಲೆಕ್ಕ.